ಚೀಟಿ ಪೆಟ್ಟಿಗೆ ಹೋಗಿ ಕಂಪ್ಯೂಟರ್ ಬಂತು: ಲಾಟು ಬರೆಸುವಾಗ ಎಚ್ಚರ ಬೇಕು

ನಾನು ಓದಿದ್ದು ಏಳನೇ ಕ್ಲಾಸು. ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡಿದವನಲ್ಲ. ಆದರೂ ವರ್ಷವೆಲ್ಲ ದುಡಿದ ಶೇಂಗಾಕ್ಕೆ ಬೆಲೆ ತೀರ್ಮಾನ ಆಗುವುದು ಈಗ ಅದರೊಳಗೇ. ಅದು ಹೇಗೆ ನಡೆಯುತ್ತದೆ ಅಂತ ತಿಳಿದುಕೊಂಡದ್ದು ಒಮ್ಮೆ ಕೈ ಸುಟ್ಟುಕೊಂಡ ಮೇಲೆ. ನನ್ನ ಹಾಗೆ ಬೇರೆಯವರಿಗೆ ಆಗದಿರಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಚಿತ್ರದುರ್ಗ ಜಿಲ್ಲೆ. ಐದೂವರೆ ಎಕರೆ ಕೆಂಪು ಜಮೀನು, ಮಳೆ ನಂಬಿದ ಬೇಸಾಯ. ಶೇಂಗಾ ಹಾಕಿ ಅಕ್ಕಡಿ ಸಾಲಿಗೆ ತೊಗರಿ ಬಿಡುತ್ತೇವೆ.

ಹಿಂದೆ ಹೀಗಿತ್ತು

ಮೊದಲು ಮಾರುಕಟ್ಟೆಯಲ್ಲಿ ಚೀಟಿ ಟೆಂಡರು. ವ್ಯಾಪಾರಸ್ಥರು ರಾಶಿ ನೋಡಿ, ಲಾಟಿನ ನಂಬರು ಮತ್ತು ದರ ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು. ಹೊತ್ತಾದ ಮೇಲೆ ಗುಮಾಸ್ತರು ಪೆಟ್ಟಿಗೆ ತೆಗೆದು, ಚೀಟಿ ವಿಂಗಡಿಸಿ, ಹೆಚ್ಚು ಬರೆದವರ ಹೆಸರನ್ನು ಪುಸ್ತಕಕ್ಕೆ ಏರಿಸುತ್ತಿದ್ದರು. ಆವಕ ಜಾಸ್ತಿ ಇದ್ದ ದಿನ ಸಂಜೆವರೆಗೂ ಕಾಯಬೇಕು. ಸೊನ್ನೆ ಆರಾಗುವುದು, ಒಬ್ಬರ ಲಾಟಿನ ದರ ಇನ್ನೊಬ್ಬರಿಗೆ ಸೇರುವುದು, ಇವೆಲ್ಲ ಇದ್ದದ್ದೇ. ಕತ್ತಲಾದರೆ ಊರಿಗೆ ಬಸ್ಸಿಲ್ಲ. ಹಾಗಾಗಿ ಬಂದ ದರಕ್ಕೆ ಹೂಂ ಅಂದು ಬರುತ್ತಿದ್ದೆವು.

ಈಗ ಹೀಗಿದೆ

2014ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾಯಿತು. 2016ರ ಏಪ್ರಿಲ್ 14ರಂದು ಕೇಂದ್ರ ಸರ್ಕಾರದ್ದು ಇ-ನಾಮ್ ಎಂದು ಬಂತು. ಹೆಸರು ಬೇರೆಯಾದರೂ ಎರಡರ ಮೂಲ ವಿಚಾರ ಒಂದೇ. ಮಾಲಿನ ವಿವರ ಒಂದು ಕಡೆ ದಾಖಲಾಗಬೇಕು, ಅದನ್ನು ನೋಡಿ ಹತ್ತು ಕಡೆಯವರು ದರ ಹಾಕುವಂತಿರಬೇಕು.

ನಡೆಯುವ ಕ್ರಮ ಇಷ್ಟು. ಮಾಲು ಒಳಗೆ ಬಂದಾಗ ರೈತನ ಹೆಸರು, ಊರು, ಮೊಬೈಲ್ ನಂಬರು, ಬೆಳೆ, ಚೀಲ, ಯಾವ ಮಂಡಿಗೆ ಬಂತು ಎಂಬುದನ್ನು ಬರೆಸಿಕೊಳ್ಳುತ್ತಾರೆ. ಕಂಪ್ಯೂಟರ್ ಒಂದು ಲಾಟು ನಂಬರು ಕೊಡುತ್ತದೆ. ವ್ಯಾಪಾರಸ್ಥರು ರಾಶಿ ನೋಡಿ, ಗೊತ್ತಾದ ಹೊತ್ತಿನೊಳಗೆ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಕ್ವಿಂಟಾಲಿಗೆ ಇಷ್ಟು ಅಂತ ದರ ಹಾಕುತ್ತಾರೆ. ಒಬ್ಬರದು ಇನ್ನೊಬ್ಬರಿಗೆ ಕಾಣದು. ಹೊತ್ತು ಮುಗಿದ ಕೂಡಲೇ ಪ್ರತಿ ಲಾಟಿಗೂ ಹೆಚ್ಚಿನ ದರ ಯಾರದೆಂದು ಪಟ್ಟಿ ಬರುತ್ತದೆ, ರೈತನ ಮೊಬೈಲಿಗೂ ಸಂದೇಶ ಹೋಗುತ್ತದೆ. ದರ ಒಪ್ಪದಿದ್ದರೆ ಬೇಡ ಅನ್ನುವ ಹಕ್ಕು ನಮಗಿದೆ. ಒಪ್ಪಿದರೆ ತೂಕ, ಆಮೇಲೆ ಬಿಲ್ಲು.

ಒಳ್ಳೆಯ ಏರ್ಪಾಡೇ. ಚೀಟಿ ಬದಲಾಯಿಸುವ ಮಾತಿಲ್ಲ, ಕಾಯುವುದು ತಪ್ಪಿತು. ಏಕೀಕೃತ ಲೈಸೆನ್ಸ್ ಇದ್ದ ವ್ಯಾಪಾರಸ್ಥ ಬೇರೆ ಊರಿನ ಮಾರುಕಟ್ಟೆಯಲ್ಲೂ ದರ ಹಾಕಬಹುದು.

ನಾನು ಎಡವಿದ್ದು

2019ರ ನವೆಂಬರಿನಲ್ಲಿ ಶೇಂಗಾ ಒಯ್ದಿದ್ದೆ. ಒಟ್ಟು ಎಂಟು ಕ್ವಿಂಟಾಲು. ಅದರಲ್ಲಿ ಐದು ಕ್ವಿಂಟಾಲು ಚೆನ್ನಾಗಿ ಒಣಗಿದ ಕಾಯಿ. ಮೂರು ಕ್ವಿಂಟಾಲು ಬಣವೆಯಲ್ಲಿದ್ದಾಗ ಮಳೆಗೆ ತೊಯ್ದು ಸಿಪ್ಪೆ ಕಪ್ಪಾಗಿತ್ತು. ಬೇರೆ ಬೇರೆ ಚೀಲದಲ್ಲೇ ತುಂಬಿದ್ದೆ. ಬರೆಸುವಾಗ ಮಂಡಿಯ ಹುಡುಗ, "ಯಜಮಾನ್ರೇ, ಒಂದೇ ಲಾಟು ಮಾಡಿಬಿಡೋಣ, ಬೇಗ ಆಗುತ್ತೆ" ಅಂದ. ನಾನೂ ಆಗಲಿ ಅಂದೆ.

ವ್ಯಾಪಾರಸ್ಥ ಯಾವ ಚೀಲಕ್ಕೆ ಕೈ ಹಾಕಿದರೂ ಬರೆಯುವುದು ಒಂದೇ ದರ. ನನ್ನ ಲಾಟಿಗೆ 4,600 ಬಿತ್ತು. ಪಕ್ಕದ ರಾಶಿಯ ನಮ್ಮೂರಿನವರ ಒಣಕಾಯಿಗೆ 5,250. ತೊಯ್ದ ಕಾಯಿ ಬೇರೆ ಲಾಟಾಗಿದ್ದರೆ 4,200 ಬರುತ್ತಿತ್ತು ಅಂತ ಇಟ್ಟುಕೊಂಡರೂ, ಒಟ್ಟು ಲೆಕ್ಕದಲ್ಲಿ 2,050 ರೂಪಾಯಿ ಕಳಕೊಂಡೆ. ನಮ್ಮಂಥವರ ಮನೆಗೆ ಅದು ಸಣ್ಣ ದುಡ್ಡಲ್ಲ.

ಬೇಡ ಅನ್ನಬಹುದಿತ್ತಲ್ಲ ಅಂತ ನೀವು ಕೇಳಬಹುದು. ನನಗೆ ಸಂದೇಶವೇ ಬರಲಿಲ್ಲ. ಚಹಾ ಕುಡಿದು ಬರುವಷ್ಟರಲ್ಲಿ ಹಮಾಲರು ಚೀಲ ತೂಕಕ್ಕೆ ಏರಿಸಿದ್ದರು. ಮನೆಗೆ ಬಂದ ಮೇಲೆ ಮಗಳು ಲಾಟಿನ ಚೀಟಿ ನೋಡಿ, "ಅಪ್ಪಾ, ಇದು ನಿನ್ನ ನಂಬರಲ್ಲ" ಅಂದಳು. ನನ್ನ ನಂಬರಿನ ಜಾಗದಲ್ಲಿ ಮಂಡಿಯ ನಂಬರು ಕೂತಿತ್ತು. ಬೇಕೆಂದು ಹಾಕಿದರೋ ಅವಸರಕ್ಕೆ ಹಾಕಿದರೋ ನಾನು ಹೇಳಲಾರೆ. ಚೀಟಿಯನ್ನು ಅಲ್ಲೇ ಓದದೆ ಮಡಚಿ ಜೇಬಿಗೆ ಹಾಕಿದ್ದು ನನ್ನ ತಪ್ಪು.

ಆವತ್ತು ನನಗೆ ಅರ್ಥವಾದದ್ದು ಇದು. ಕಂಪ್ಯೂಟರ್ ನನ್ನ ಶೇಂಗಾ ನೋಡುವುದಿಲ್ಲ. ಬರೆಸಿದ್ದನ್ನು ಮಾತ್ರ ನೋಡುತ್ತದೆ. ಬಿತ್ತುವಾಗ ಬೀಜ ಪರೀಕ್ಷೆ ಮಾಡುವವರು ಬರೆಸುವಾಗಲೂ ಅಷ್ಟೇ ಹುಷಾರಾಗಿರಬೇಕು.

ವ್ಯಾಪಾರಸ್ಥನ ಬಲ, ನಮ್ಮ ಬಲ

ವ್ಯಾಪಾರಸ್ಥನ ಮುಂದೆ ಇವತ್ತು ಎಷ್ಟು ಲಾಟು ಬಂದಿದೆ, ಬೇರೆ ಊರಿನಲ್ಲಿ ಎಷ್ಟು ದರ, ಎಣ್ಣೆ ಗಿರಣಿಯವರು ಎಷ್ಟು ಕೇಳುತ್ತಿದ್ದಾರೆ, ಎಲ್ಲವೂ ಇರುತ್ತದೆ. ನಮ್ಮ ಕೈಯಲ್ಲಿ ಇರುವುದು ಒಂದು ಚೀಟಿ. ಈಗಿನ ವ್ಯಾಪಾರದಲ್ಲಿ ಗೆಲ್ಲುವುದು ಮೊದಲು ತಿಳಿದುಕೊಂಡವನೇ.

ಆದರೆ ನಮಗೂ ದಾರಿ ಇದೆ. ರಾಜ್ಯ ಕೃಷಿ ಮಾರಾಟ ಇಲಾಖೆಯ 'ಕೃಷಿ ಮಾರಾಟ ವಾಹಿನಿ'ಯಲ್ಲಿ ಮಾರುಕಟ್ಟೆವಾರು ಆವಕ ಮತ್ತು ಧಾರಣೆ ಸಿಗುತ್ತದೆ. ಮೊಬೈಲಿನಲ್ಲಿ ಮಕ್ಕಳು ತೆಗೆದು ತೋರಿಸುತ್ತಾರೆ. ಅಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ದರ ಇರುತ್ತವೆ. ಗರಿಷ್ಠ ನೋಡಿ ಹಿಗ್ಗಬೇಡಿ, ಅದು ಯಾರದೋ ಒಂದು ಒಳ್ಳೆಯ ಲಾಟಿಗೆ ಬಿದ್ದಿರಬಹುದು. ಹೆಚ್ಚಿನ ಮಾಲು ಮಾರಾಟವಾದದ್ದು ಮಾದರಿ ದರದ ಆಸುಪಾಸಿನಲ್ಲಿ. ನಮ್ಮ ಮಾಲನ್ನು ಅದಕ್ಕೆ ಹೋಲಿಸಬೇಕು.

ಬೆಂಬಲ ಬೆಲೆ ಖರೀದಿಗೂ ಇದೇ ಮಾತು. ಅಲ್ಲಿ ಫ್ರೂಟ್ಸ್ ನೋಂದಣಿ ಸಂಖ್ಯೆ ಕೇಳುತ್ತಾರೆ, ಬೆಳೆ ಸಮೀಕ್ಷೆಯಲ್ಲಿ ಏನು ದಾಖಲಾಗಿದೆ ಎಂದೂ ನೋಡುತ್ತಾರೆ. ಹೊಲದಲ್ಲಿ ಅಕ್ಕಡಿ ತೊಗರಿ ಇದ್ದು ದಾಖಲೆಯಲ್ಲಿ ಬರೀ ಶೇಂಗಾ ಇದ್ದರೆ, ತೊಗರಿ ಮಾರಲು ಹೋದಾಗ ತೊಂದರೆ. 2020ರ ಮುಂಗಾರಿನಿಂದ ರೈತರೇ ಮೊಬೈಲಿನಲ್ಲಿ ಬೆಳೆ ಸಮೀಕ್ಷೆ ಮಾಡಲು ಅವಕಾಶ ಕೊಟ್ಟಿದ್ದಾರೆ. ಅಕ್ಕಡಿ ಬೆಳೆ ಬಿಡದೆ ಸೇರಿಸಿ.

ಈಗ ನಾನು ಮಾಡುವುದು

1. ಹೊರಡುವ ಮುಂಚೆ ಮೂರು ನಾಲ್ಕು ದಿನದ ಧಾರಣೆ ನೋಡಿ ಬರೆದಿಟ್ಟುಕೊಳ್ಳುತ್ತೇನೆ.

2. ಗುಣ ಬೇರೆಯಾದರೆ ಲಾಟು ಬೇರೆ. ತಡವಾದರೆ ಆಗಲಿ.

3. ಚೀಟಿ ಕೈಗೆ ಬಂದ ಕೂಡಲೇ ಹೆಸರು, ಮೊಬೈಲ್ ನಂಬರು, ಬೆಳೆ, ಚೀಲ ಓದಿಸಿ ನೋಡುತ್ತೇನೆ. ತಪ್ಪಿದ್ದರೆ ಟೆಂಡರಿಗೆ ಮೊದಲೇ ಸರಿ ಮಾಡಿಸುತ್ತೇನೆ.

4. ದರ ಗೊತ್ತಾಗುವ ತನಕ ರಾಶಿ ಬಿಟ್ಟು ಕದಲುವುದಿಲ್ಲ. ಒಪ್ಪಿದ ಮೇಲೆಯೇ ತೂಕ.

5. ಲಾಟಿನ ಚೀಟಿ, ತೂಕದ ಚೀಟಿ, ಬಿಲ್ಲು ಮೂರನ್ನೂ ತಾಳೆ ಹಾಕಿ ಇಟ್ಟುಕೊಳ್ಳುತ್ತೇನೆ.

ಇಷ್ಟು ಮಾಡಿದರೆ ಯಾವಾಗಲೂ ಬೆಲೆ ಏರುತ್ತದೆ ಅಂತಲ್ಲ. ಮುಂದಿನ ವರ್ಷ ಒಂದು ಲಾಟಿಗೆ ಬೇಡ ಅಂದು ಉಳಿಸಿಕೊಂಡೆ, ಮರುದಿನ 80 ರೂಪಾಯಿ ಕಮ್ಮಿಯೇ ಆಯಿತು. ಬೇಜಾರಾಯಿತು, ಆದರೆ ಅದು ತಿಳಿದು ನಾನೇ ಮಾಡಿದ ತೀರ್ಮಾನ. ಗೊತ್ತಿಲ್ಲದೆ ಕಳಕೊಂಡಷ್ಟು ಸಂಕಟವಾಗಲಿಲ್ಲ.

ನಿಮ್ಮ ಕಡೆ ಮಾರುಕಟ್ಟೆಯಲ್ಲಿ ಹೇಗೆ ನಡೆಯುತ್ತದೆ? ಅನುಭವ ಇದ್ದವರು ಪತ್ರಿಕೆಗೆ ನಾಲ್ಕು ಸಾಲು ಬರೆದು ಕಳಿಸಿ. ಒಬ್ಬರು ಎಡವಿದ್ದು ತಿಳಿದರೆ ಹತ್ತು ಜನ ನೋಡಿ ನಡೆಯಬಹುದು.