ಟರ್ಮಿನಲ್‌ನಲ್ಲಿ ಕನ್ನಡ ಪಠ್ಯ ಸಂಪಾದನೆ: ರಾಯಚೂರು ಪ್ರದೇಶದ ಆಡುಮಾತಿನ ದತ್ತಾಂಶವನ್ನು ಮುಂದಿಟ್ಟುಕೊಂಡು

ಸಾರಾಂಶ: ಉಪಭಾಷಾ ಅಧ್ಯಯನದ ಲಿಪ್ಯಂತರಗಳನ್ನು ಟರ್ಮಿನಲ್‌ನ ಪಠ್ಯ ಸಂಪಾದಕದಲ್ಲಿ ನಿರ್ವಹಿಸುವಾಗ ಕನ್ನಡ ಲಿಪಿಯ ರಚನೆಯಿಂದ ಉಂಟಾಗುವ ಎಣಿಕೆಯ ಮತ್ತು ಹುಡುಕಾಟದ ಸಮಸ್ಯೆಗಳನ್ನು ಈ ಲೇಖನ ವಿವರಿಸುತ್ತದೆ. ರಾಯಚೂರು ಪ್ರದೇಶದ ಕ್ರಿಯಾರೂಪಗಳ ಅಕಾರಾಂತವು ಯಂತ್ರದ ಕಣ್ಣಿಗೆ ಏಕೆ ಬೀಳುವುದಿಲ್ಲ ಎಂಬುದು ಇಲ್ಲಿಯ ಮುಖ್ಯ ಪ್ರಶ್ನೆ.

1. ಪೀಠಿಕೆ

ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿಗಳಲ್ಲಿ ಧ್ವನಿಮುದ್ರಿಸಿದ ಮಾತನ್ನು ಲಿಪ್ಯಂತರಿಸಿದ ಮೇಲೆ ಅದನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆ ಏಳುತ್ತದೆ. ವರ್ಡ್ ಪ್ರೊಸೆಸರ್‌ನ ಕಡತದಲ್ಲಿ ಪಠ್ಯದೊಂದಿಗೆ ವಿನ್ಯಾಸದ ಮಾಹಿತಿಯೂ ಬೆರೆತಿರುತ್ತದೆ. ಸರಳ ಪಠ್ಯದ ಕಡತದಲ್ಲಿ ಇರುವುದು ಸಂಕೇತಗಳು ಮಾತ್ರ. ಅದನ್ನು ಹುಡುಕಬಹುದು, ಎಣಿಸಬಹುದು, ಹೋಲಿಸಬಹುದು, ಮತ್ತೊಬ್ಬ ಸಂಶೋಧಕರು ಅದೇ ಆದೇಶವನ್ನು ನೀಡಿ ಫಲಿತಾಂಶವನ್ನು ಪರೀಕ್ಷಿಸಬಹುದು. ಈ ಕೆಲಸಕ್ಕೆ ಟರ್ಮಿನಲ್‌ನ ಸಂಪಾದಕಗಳು ಒದಗುತ್ತವೆ. ಬಿಲ್ ಜಾಯ್ 1976ರಲ್ಲಿ ರೂಪಿಸಿದ ವಿಐ, ಅದರ ಮಾದರಿಯಲ್ಲಿ ಬ್ರಾಮ್ ಮೂಲೆನಾರ್ 1991ರಲ್ಲಿ ಬಿಡುಗಡೆ ಮಾಡಿದ ವಿಮ್ ಇವುಗಳಲ್ಲಿ ಪ್ರಸಿದ್ಧವಾದವು.

ವಿಮ್‌ನಲ್ಲಿ ಕೀಲಿಗಳ ಅರ್ಥವು ಸ್ಥಿತಿಯನ್ನು ಅವಲಂಬಿಸುತ್ತದೆ. ತೆರೆದಾಗ ಆದೇಶದ ಸ್ಥಿತಿ ಇರುತ್ತದೆ. ‘ಐ’ ಕೀಲಿ ಒತ್ತಿದರೆ ಬರೆಯುವ ಸ್ಥಿತಿ. ‘ಎಸ್ಕೇಪ್’ ಒತ್ತಿದರೆ ಮರಳಿ ಆದೇಶದ ಸ್ಥಿತಿ. ಕೋಲನ್, ಡಬ್ಲ್ಯು, ಕ್ಯೂ ಎಂದು ಬರೆದು ‘ಎಂಟರ್’ ಒತ್ತಿದರೆ ಉಳಿಸಿ ಹೊರಬರುವುದು. ಕನ್ನಡದಲ್ಲಿ ಕೆಲಸ ಮಾಡುವವರು ಒಂದು ಅಂಶವನ್ನು ನೆನಪಿಡಬೇಕು: ಆದೇಶದ ಸ್ಥಿತಿಗೆ ಮರಳಿದಾಗ ಕೀಲಿಮಣೆಯನ್ನೂ ಇಂಗ್ಲಿಷಿಗೆ ಬದಲಿಸಬೇಕು. ಇಲ್ಲವಾದರೆ ಸಂಪಾದಕವು ಆದೇಶವನ್ನು ಗುರುತಿಸಲಾರದು.

2. ಮೂರು ಊರು, ನಾಲ್ಕು ಎಣಿಕೆ

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ಮೀಸಲಾಗಿವೆ (ಇಲ್ಲಿ ದಶಮಾನ ಸಂಖ್ಯೆಗಳನ್ನೇ ಬಳಸಲಾಗಿದೆ). ಯುಟಿಎಫ್-8ರಲ್ಲಿ ಇವುಗಳಲ್ಲಿ ಪ್ರತಿಯೊಂದಕ್ಕೂ 3 ಬೈಟ್ ಬೇಕು. ಹೀಗಾಗಿ ‘ಈ ಪದದ ಉದ್ದವೆಷ್ಟು?’ ಎಂಬ ಪ್ರಶ್ನೆಗೆ ನಾಲ್ಕು ಉತ್ತರಗಳಿವೆ.

ರಾಯಚೂರು: 21 ಬೈಟ್, 7 ಸಂಕೇತ, 4 ಕರ್ಸರ್ ನೆಲೆ, 4 ಅಕ್ಷರ.
ಮಾನ್ವಿ: 18 ಬೈಟ್, 6 ಸಂಕೇತ, 3 ಕರ್ಸರ್ ನೆಲೆ, 2 ಅಕ್ಷರ.
ದೇವದುರ್ಗ: 24 ಬೈಟ್, 8 ಸಂಕೇತ, 5 ಕರ್ಸರ್ ನೆಲೆ, 4 ಅಕ್ಷರ.

ವಿಮ್ ಸ್ವರಚಿಹ್ನೆಯನ್ನೂ ವಿರಾಮವನ್ನೂ (್, 3277) ಹಿಂದಿನ ವ್ಯಂಜನಕ್ಕೆ ಸೇರಿಸಿ ಒಂದೇ ನೆಲೆಯೆಂದು ಪರಿಗಣಿಸುತ್ತದೆ. ಆದರೆ ವಿರಾಮದ ನಂತರದ ವ್ಯಂಜನವನ್ನು ಹೊಸ ನೆಲೆಯೆಂದು ಬಗೆಯುತ್ತದೆ. ಆದ್ದರಿಂದ ಸಂಯುಕ್ತಾಕ್ಷರವಿಲ್ಲದ ‘ರಾಯಚೂರು’ ಪದದಲ್ಲಿ ನೆಲೆಗಳೂ ಅಕ್ಷರಗಳೂ ಸಮ; ಒಂದೊಂದು ಸಂಯುಕ್ತಾಕ್ಷರವಿರುವ ಉಳಿದೆರಡರಲ್ಲಿ ಒಂದು ನೆಲೆ ಹೆಚ್ಚು. ‘ದೇವದುರ್ಗ’ದ ಅರ್ಕಾವೊತ್ತು ಕಣ್ಣಿಗೆ ಗಕಾರದ ಬಲಕ್ಕೆ ಕಂಡರೂ ಕಡತದಲ್ಲಿ ರಕಾರವು ಉಚ್ಚಾರಣೆಯ ಕ್ರಮದಲ್ಲಿ ಗಕಾರಕ್ಕಿಂತ ಮೊದಲೇ ಇರುತ್ತದೆ.

ಇದು ವಿಮ್ ಒಂದರ ಮಿತಿಯಲ್ಲ. 2023ರ ಯೂನಿಕೋಡ್ 15.1 ಆವೃತ್ತಿಯು ಸಂಯುಕ್ತಾಕ್ಷರವನ್ನು ಒಡೆಯದೆ ಒಂದೇ ಘಟಕವಾಗಿ ಉಳಿಸುವ ನಿಯಮವನ್ನು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅನ್ವಯಿಸಿತು. ಅದರಲ್ಲಿ ಕನ್ನಡ ಸೇರಲಿಲ್ಲ. ತೆಲುಗು, ಕನ್ನಡ ಎರಡೂ ಬಳಕೆಯಲ್ಲಿರುವ ರಾಯಚೂರಿನಂಥ ಗಡಿ ಪ್ರದೇಶದ ದ್ವಿಭಾಷಿಕ ಪಠ್ಯದಲ್ಲಿ ಆ ನಿಯಮವನ್ನು ಪಾಲಿಸುವ ತಂತ್ರಾಂಶವು ಒಂದೇ ಬಗೆಯ ಸಂಯುಕ್ತವನ್ನು ತೆಲುಗಿನಲ್ಲಿ ಒಂದೆಂದೂ ಕನ್ನಡದಲ್ಲಿ ಎರಡೆಂದೂ ಎಣಿಸುತ್ತದೆ. ಅಕ್ಷರಗಳ ಎಣಿಕೆಯನ್ನು ಆಧರಿಸಿದ ಹೋಲಿಕೆಗಳಲ್ಲಿ ಈ ವ್ಯತ್ಯಾಸವನ್ನು ಗಮನಿಸಲೇಬೇಕು.

3. ಪರದೆಯ ಚೌಕಗಳು

ಟರ್ಮಿನಲ್‌ನ ಪರದೆ ಸಮಾನ ಅಗಲದ ಚೌಕಗಳ ಜಾಲ. ಯೂನಿಕೋಡ್‌ನಲ್ಲಿ ಇಕಾರದ ಚಿಹ್ನೆ (ಿ) ಸ್ಥಳ ಬೇಡದ ಗುಂಪಿಗೂ ದೀರ್ಘ ಆಕಾರದ ಚಿಹ್ನೆ (ಾ) ಸ್ಥಳ ಬೇಡುವ ಗುಂಪಿಗೂ ಸೇರಿವೆ. ಟರ್ಮಿನಲ್ ಈ ವಿಂಗಡಣೆಯನ್ನು ಅನುಸರಿಸಿ ಸಂಪಾದಕವು ಎರಡನ್ನೂ ಶೂನ್ಯವೆಂದು ಎಣಿಸಿದರೆ, ಸಾಲು ಉದ್ದವಾದಂತೆ ಕರ್ಸರ್ ತಾನಿರಬೇಕಾದ ಕಡೆಯಿಂದ ಸರಿಯುತ್ತ ಹೋಗುತ್ತದೆ. ಪರದೆಯಲ್ಲಿ ಒತ್ತಕ್ಷರ ಒಡೆದು ಕಂಡರೆ ಕಡತ ಕೆಟ್ಟಿದೆಯೆಂದು ಭಾವಿಸಬೇಕಾಗಿಲ್ಲ. ಆದೇಶದ ಸ್ಥಿತಿಯಲ್ಲಿ ‘ಜಿ’, ‘ಎ’ ಕೀಲಿಗಳನ್ನು ಒಂದರ ನಂತರ ಒಂದು ಒತ್ತಿದರೆ ಕರ್ಸರ್ ಇರುವ ನೆಲೆಯ ಸಂಕೇತಗಳು ಕೆಳಗೆ ಕಾಣಿಸುತ್ತವೆ. ಪರದೆಗಿಂತ ಆ ಸಂಖ್ಯೆಗಳೇ ವಿಶ್ವಾಸಾರ್ಹ.

4. ಕಾಣದ ಅಕಾರ

ಶಿಷ್ಟ ಕನ್ನಡದ ‘ಬರುತ್ತಾನೆ’ ಎಂಬುದಕ್ಕೆ ಈ ಪ್ರದೇಶದ ಆಡುಮಾತಿನಲ್ಲಿ ‘ಬರ್ತಾನ’ ಎಂಬ ಅಕಾರಾಂತ ರೂಪವಿದೆ. ಶಿಷ್ಟದ ಪ್ರಭಾವದಿಂದ ‘ಬರ್ತಾನೆ’ ಎಂಬುದೂ ಕೇಳಿಸುತ್ತದೆ. ಎರಡರ ಪ್ರಮಾಣವನ್ನು ತಿಳಿಯಲು ಪ್ರಸ್ತುತ ಲೇಖನದ ಸಿದ್ಧತೆಯಲ್ಲಿ ಮೊದಲು ‘ಗ್ರೆಪ್’ ಆದೇಶಕ್ಕೆ ‘ಬರ್ತಾನ’ ಎಂಬ ಪದವನ್ನಷ್ಟೇ ಕೊಡಲಾಗಿತ್ತು. ಬಂದ ಸಂಖ್ಯೆ ಆಡುಮಾತಿನ ರೂಪಕ್ಕೆ ಬಹಳ ಅನುಕೂಲಕರವಾಗಿತ್ತು, ಆದರೆ ತಪ್ಪಾಗಿತ್ತು. ವ್ಯಂಜನದಲ್ಲಿ ಅಂತರ್ಗತವಾದ ಅಕಾರಕ್ಕೆ ಪ್ರತ್ಯೇಕ ಸಂಕೇತವಿಲ್ಲ: ‘ನ’ ಎಂದರೆ 3240 ಮಾತ್ರ, ‘ನೆ’ ಎಂದರೆ 3240 ಮತ್ತು 3270. ಆದ್ದರಿಂದ ‘ಬರ್ತಾನ’ ಎಂಬ ಸಂಕೇತಮಾಲೆ ‘ಬರ್ತಾನೆ’ಯ ಒಳಗೂ ಇದೆ. ನಾವು ಅಳೆಯಹೊರಟ ಭೇದವೇ ಹುಡುಕಾಟದಲ್ಲಿ ಅಳಿಸಿಹೋಗಿತ್ತು.

ಪರಿಹಾರವೆಂದರೆ, ಮುಂದೆ ಯಾವುದು ಬರಬಾರದು ಎಂಬುದನ್ನೂ ಹೇಳುವುದು:

ಬರ್ತಾನ([^ಂ-ೖ]|$)

ನಕಾರದ ಬಳಿಕ ಕನ್ನಡದ ಯಾವ ಅಕ್ಷರವೂ ಚಿಹ್ನೆಯೂ ಇರಬಾರದು ಅಥವಾ ಸಾಲು ಮುಗಿದಿರಬೇಕು ಎಂಬುದು ಇದರ ಅರ್ಥ. ಇಂಥಲ್ಲಿ ಸಿದ್ಧ ಪದಸೀಮೆಯ ಗುರುತುಗಳನ್ನು ನಂಬುವಂತಿಲ್ಲ. ಉದಾಹರಣೆಗೆ, ಪೈಥಾನ್‌ನ ಮೂಲ ರೆಜೆಕ್ಸ್ ಘಟಕವು ಸ್ವರಚಿಹ್ನೆಯನ್ನು ಪದದ ಭಾಗವೆಂದು ಪರಿಗಣಿಸುವುದಿಲ್ಲ.

ಈ ಸೂತ್ರಕ್ಕೂ ಮಿತಿಯಿದೆ. ‘ಬರ್ತಾನಂತ’ ಎಂಬುದು ‘ಬರ್ತಾನ + ಅಂತ’ ಆಗಿರಬಹುದು, ‘ಬರ್ತಾನೆ + ಅಂತ’ ಆಗಿರಬಹುದು. ಸಂಧಿಯಲ್ಲಿ ಅಂತ್ಯಸ್ವರ ಲೋಪವಾಗಿರುವುದರಿಂದ ಅದನ್ನು ಯಾವ ಪಕ್ಷಕ್ಕೂ ಸೇರಿಸದೆ, ‘ಅನಿರ್ಣೀತ’ ಎಂದು ಬೇರೆಯಾಗಿಯೇ ಎಣಿಸುವುದು ಯುಕ್ತ.

5. ಒಂದೇ ರೂಪ, ಹಲವು ಬರಹ

‘ಹೋಗ್ಯಾನ’ ಎಂಬಲ್ಲಿಯ ಓಕಾರದ ಚಿಹ್ನೆ ಒಂದೇ ಸಂಕೇತವಾಗಿರಬಹುದು (3275), ಇಲ್ಲವೇ ಮೂರರ ಸರಣಿಯಾಗಿರಬಹುದು (3270, 3266, 3285). ಪರದೆಯಲ್ಲಿ ಎರಡೂ ಒಂದೇ. ಗ್ರೆಪ್‌ಗೆ ಬೇರೆ ಬೇರೆ. ಆದ್ದರಿಂದ ಎಣಿಕೆಗೆ ಮುನ್ನ ಎಲ್ಲ ಕಡತಗಳನ್ನೂ ಯೂನಿಕೋಡ್‌ನ ಸಂಯೋಜಿತ ರೂಪಕ್ಕೆ ಏಕೀಕರಿಸಬೇಕು. ಕಣ್ಣಿಗೆ ಕಾಣದ ಜೋಡಕ, ವಿಭಜಕ ಸಂಕೇತಗಳನ್ನೂ (8205, 8204) ಪರಿಶೀಲಿಸಬೇಕು. ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್‌ಪೂರ್ವ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಹಳೆಯ ಲಿಪ್ಯಂತರಗಳು ಟರ್ಮಿನಲ್‌ನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೆರೆದುಕೊಳ್ಳುತ್ತವೆ. ಅವುಗಳನ್ನು ಪರಿವರ್ತಿಸಬೇಕು, ಮೂಲವನ್ನೂ ಕಾಪಾಡಬೇಕು.

6. ಸಮಾರೋಪ

ಇಲ್ಲಿ ಹೇಳಿದ ಕ್ರಮ ಇಷ್ಟು: ಪರಿವರ್ತನೆ, ಏಕೀಕರಣ, ಸೀಮೆಯನ್ನು ಸ್ಪಷ್ಟಪಡಿಸಿದ ಹುಡುಕಾಟ, ಅನುಮಾನದ ಸಾಲುಗಳನ್ನು ಸಂಪಾದಕದಲ್ಲಿ ತೆರೆದು ಧ್ವನಿಮುದ್ರಣದೊಂದಿಗೆ ಹೋಲಿಸುವುದು. ಬಳಸಿದ ಆದೇಶಗಳನ್ನು ಪ್ರಬಂಧದ ಅನುಬಂಧದಲ್ಲಿ ಕೊಡುವುದು ರೂಢಿಯಾಗಬೇಕು. ಸಂಖ್ಯೆಯನ್ನು ಮಾತ್ರ ಕೊಟ್ಟರೆ, ಎಣಿಸಿದ್ದು ಆಡುಮಾತಿನ ರೂಪವನ್ನೋ ಅದನ್ನು ಒಳಗೊಂಡ ಶಿಷ್ಟ ರೂಪವನ್ನೋ ಎಂಬುದನ್ನು ಓದುಗರು ನಿರ್ಣಯಿಸಲಾರರು. ಪ್ರಾದೇಶಿಕ ರೂಪಗಳು ಉಳಿದಿವೆಯೋ ಅಳಿಯುತ್ತಿವೆಯೋ ಎಂಬ ನಮ್ಮ ತೀರ್ಮಾನಗಳು ಇಂಥ ಎಣಿಕೆಗಳ ಮೇಲೆಯೇ ನಿಂತಿವೆ.