ಮ್ಯೂಸಿಯಂ ಆನೆಯ ಹೊಟ್ಟೆಯಲ್ಲಿ ಏನಿದೆ?

ಪ್ರಶ್ನೆ: ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿರುವ ಆನೆ, ಹುಲಿಗಳ ಒಳಗೆ ಹುಲ್ಲು ತುಂಬಿರುತ್ತಾರೆಯೇ?

ಉತ್ತರ: ಹಿಂದೆ ತುಂಬುತ್ತಿದ್ದರು. ಹಾಗಾಗಿಯೇ ಆ ಕಾಲದ ಎಷ್ಟೋ ಪ್ರಾಣಿಗಳು ಉಬ್ಬಿದ ದಿಂಬಿನಂತೆ ಕಾಣುತ್ತವೆ. ಸತ್ತ ಪ್ರಾಣಿಗಳನ್ನು ಜೀವಂತದಂತೆ ನಿಲ್ಲಿಸುವ ಕೆಲಸವನ್ನು ಶಿಲ್ಪಕಲೆಯ ಮಟ್ಟಕ್ಕೆ ಏರಿಸಿದವರಲ್ಲಿ ಅಮೆರಿಕದ ಕಾರ್ಲ್ ಏಕ್ಲಿ ಮುಖ್ಯರು. ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿ ಕಾದಾಡುತ್ತಿರುವ ಎರಡು ಆಫ್ರಿಕನ್ ಆನೆಗಳು ಅವರ ಕೈಚಳಕವೇ.

ಕೆಲಸ ಶುರುವಾಗುವುದು ಕಾಡಿನಲ್ಲೇ. ಸತ್ತ ಪ್ರಾಣಿಯ ಅಳತೆ, ಫೋಟೋ ತೆಗೆದುಕೊಂಡು, ಚರ್ಮ ಸುಲಿದು ಉಪ್ಪು ಸವರಬೇಕು, ತಡವಾದರೆ ಕೊಳೆಯುತ್ತದೆ. ಆನೆಯ ಚರ್ಮ ಕೆಲವೆಡೆ ಸುಮಾರು 2.5 ಸೆಂ.ಮೀ. ದಪ್ಪ. ಅದನ್ನು ಒಳಗಿನಿಂದ ಹೆರೆದು ತೆಳುವಾಗಿಸಿ ಹದ ಮಾಡುವುದೇ ಬೆನ್ನು ಮುರಿಯುವ ಕೆಲಸ. ಆಮೇಲೆ ಮರ, ಕಬ್ಬಿಣದ ಚೌಕಟ್ಟಿನ ಮೇಲೆ ಜೇಡಿಮಣ್ಣಿನಲ್ಲಿ ಒಂದೊಂದು ಸ್ನಾಯುವನ್ನೂ ತಿದ್ದುತ್ತಾರೆ. ಅದರಿಂದ ಪ್ಲಾಸ್ಟರ್ ಅಚ್ಚು ತೆಗೆದು, ಅಚ್ಚಿನಲ್ಲಿ ಹಗುರವಾದ ಟೊಳ್ಳು ದೇಹ ಎರಕ ಹೊಯ್ಯುತ್ತಾರೆ. ಚರ್ಮವನ್ನು ಅಂಟಿಸುವುದು ಇದರ ಮೇಲೆ. ಕಣ್ಣು ಗಾಜಿನದು. ಅಂದರೆ ನೀವು ನೋಡುವುದರಲ್ಲಿ ನಿಜವಾದದ್ದು ಬಹುಮಟ್ಟಿಗೆ ಚರ್ಮವೊಂದೇ!

ನಮ್ಮ ಮೈಸೂರಿನ ವಾನ್ ಇಂಗೆನ್ ಕುಟುಂಬವೂ ಕಾಗದದ ತಿರುಳಿನ ಇಂಥ ಅಚ್ಚುದೇಹಗಳ ಮೇಲೆ ಸಾವಿರಾರು ಹುಲಿ, ಚಿರತೆಗಳನ್ನು ಸಿದ್ಧಪಡಿಸಿ ಲೋಕಪ್ರಸಿದ್ಧವಾಗಿತ್ತು. ಅವುಗಳಲ್ಲಿ ಹೆಚ್ಚಿನವು ಬೇಟೆಗಾರರ ಗೋಡೆ ಸೇರಿದವು, ಮ್ಯೂಸಿಯಂ ಅಲ್ಲ. 1972ರ ವನ್ಯಜೀವಿ ಕಾಯ್ದೆಯ ನಂತರ ಆ ಕಸುಬು ಕ್ಷೀಣಿಸಿತು.

ಕೊನೆಗೊಂದು ಮಾತು: ಹಳೆಯ ಪ್ರಾಣಿಗಳನ್ನು ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ. ಹುಳು ಹಿಡಿಯದಿರಲೆಂದು ಚರ್ಮಕ್ಕೆ ಆರ್ಸೆನಿಕ್ ಬಳಿಯುವ ರೂಢಿ ಆಗ ಇತ್ತು.