‘ಸೋಲ್’ ಹಾಡಿದವರು ಸೋತವರಲ್ಲ

‘ಕುಂಗ್ ಫು ಪಾಂಡಾ’ ಸಿನಿಮಾ ನೋಡಿದವರಿಗೆ ಅದರ ಕೊನೆಯಲ್ಲಿ ಬರುವ ‘ಕುಂಗ್ ಫು ಫೈಟಿಂಗ್’ ಹಾಡು ನೆನಪಿರಬಹುದು. ಅದು ಆ ಸಿನಿಮಾಕ್ಕೆಂದೇ ಹುಟ್ಟಿದ ಹಾಡಲ್ಲ. ಮೂಲ ಹಾಡು ಬಂದದ್ದು 1974ರಲ್ಲಿ, ಇಂಗ್ಲೆಂಡಿನಿಂದ. ಹಾಡಿದವರು ಜಮೈಕಾ ಮೂಲದ ಕಾರ್ಲ್ ಡಗ್ಲಸ್. ನಿರ್ಮಿಸಿದವರು ಯಾರು ಗೊತ್ತೇ? ಬಿದ್ದು ಅಪ್ಪಯ್ಯ. ಹೌದು, ಬೆಂಗಳೂರಿನಲ್ಲಿ ಹುಟ್ಟಿದ ಕೊಡವ ಹುಡುಗ!

ಆ ವರ್ಷದ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ, ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಅದು ನಂಬರ್ ಒನ್ ಆಯಿತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಗೆಲುವಲ್ಲ. ಆ ಹಾಡನ್ನು ಗೆಲ್ಲಲೆಂದು ಮಾಡಿಯೇ ಇರಲಿಲ್ಲ ಎಂಬುದು.

ಆಗ ಹಾಡುಗಳು ಬರುತ್ತಿದ್ದದ್ದು ಏಳು ಇಂಚಿನ, ನಿಮಿಷಕ್ಕೆ 45 ಸುತ್ತು ತಿರುಗುವ ರೆಕಾರ್ಡುಗಳಲ್ಲಿ. ಮುಂಬದಿ ‘ಎ-ಸೈಡ್’, ಕಂಪನಿ ನಂಬಿದ ಹಾಡು. ಹಿಂಬದಿ ‘ಬಿ-ಸೈಡ್’, ಜಾಗ ಖಾಲಿ ಬಿಡಬಾರದೆಂದು ತುಂಬಿಸುವ ಹಾಡು. ಅಂದು ಸ್ಟುಡಿಯೊ ಬಾಡಿಗೆಗೆ ಪಡೆದದ್ದು ಮೂರು ಗಂಟೆಗೆ. ಎರಡು ಗಂಟೆಗೂ ಹೆಚ್ಚು ಹೊತ್ತು ಎ-ಸೈಡಿಗೇ ಹೋಯಿತು. ಉಳಿದ ಹತ್ತು ನಿಮಿಷದಲ್ಲಿ, ಎರಡೇ ಟೇಕ್‌ನಲ್ಲಿ ಮುಗಿಸಿದ ಬಿ-ಸೈಡ್ ಹಾಡೇ ‘ಕುಂಗ್ ಫು ಫೈಟಿಂಗ್’. ಅದನ್ನು ಕೇಳಿದ ಪೈ ರೆಕಾರ್ಡ್ಸ್ ಕಂಪನಿಯವರು ಇದೇ ಮುಂಬದಿಗೆ ಬರಲಿ ಎಂದರು. ರೇಡಿಯೊ ಮೊದಮೊದಲು ಹಾಕಲಿಲ್ಲ. ಡ್ಯಾನ್ಸ್ ಕ್ಲಬ್ಬಿನ ಹುಡುಗರು ಎತ್ತಿಕೊಂಡರು.

ಹತ್ತು ನಿಮಿಷದ ಅದೃಷ್ಟ ಎನ್ನಬೇಡಿ. ಅದರ ಹಿಂದೆ ಹತ್ತಾರು ವರ್ಷದ ಓಡಾಟವಿತ್ತು. ರೇಡಿಯೊ ಸಿಲೋನ್‌ನಲ್ಲಿ ಪಾಪ್ ಹಾಡು ಕೇಳುತ್ತ ಬೆಳೆದ ಬಿದ್ದು, ಬೆಂಗಳೂರಿನ ಗೆಳೆಯರ ಜೊತೆ ಕಟ್ಟಿದ ಬ್ಯಾಂಡ್ ‘ಟ್ರೋಜನ್ಸ್’. ಬೀಟಲ್ಸ್, ರೋಲಿಂಗ್ ಸ್ಟೋನ್ಸ್ ಹಾಡುಗಳನ್ನು ಹಾಡಿಕೊಂಡು ಮುಂಬೈ, ಕೋಲ್ಕತ್ತ ಸುತ್ತಿದರು. 1967ರಲ್ಲಿ ಮಧ್ಯಪ್ರಾಚ್ಯದ ದಾರಿ ಹಿಡಿದು ಇಂಗ್ಲೆಂಡ್ ಸೇರಿದರು. ಅಡುಗೆಮನೆ ಕೆಲಸ ಮಾಡಿ ಉಳಿಸಿದ ಹಣದಲ್ಲಿ ಸ್ಟುಡಿಯೊ ಬಾಡಿಗೆ ಕಟ್ಟಿದರು. ಮುಂದೆ ‘ಆಪ್ ಜೈಸಾ ಕೋಯಿ’, ‘ಡಿಸ್ಕೊ ದೀವಾನೆ’, 1995ರ ‘ಮೇಡ್ ಇನ್ ಇಂಡಿಯಾ’ ಎಲ್ಲಕ್ಕೂ ಸಂಗೀತ ಕೊಟ್ಟವರು ಇವರೇ.

ಡಗ್ಲಸ್ ಕೂಡ 1974ರಲ್ಲಿ ಹೊಸಬರಲ್ಲ. 1966ರಲ್ಲೇ ‘ಕಾರ್ಲ್ ಡಗ್ಲಸ್ ಅಂಡ್ ದ ಬಿಗ್ ಸ್ಟ್ಯಾಂಪೀಡ್’ ಎಂಬ ಬ್ಯಾಂಡಿನೊಂದಿಗೆ ‘ಕ್ರೇಜಿ ಫೀಲಿಂಗ್’ ಎಂಬ ಸೋಲ್ ಹಾಡು ತಂದಿದ್ದರು. ಸೋಲ್ ಎಂದರೆ ಅಮೆರಿಕದ ಕಪ್ಪು ಜನರ ಚರ್ಚ್ ಹಾಡುಗಾರಿಕೆಯ ಭಾವ ಬೆರೆತ ಸಂಗೀತ. ಕನ್ನಡದ ಕಿವಿಗೆ ಅದು ‘ಸೋಲು’ ಎಂದೇ ಕೇಳುತ್ತದೆ. ಆ ಕಾಲದ ಬ್ರಿಟಿಷ್ ಸೋಲ್ ಬ್ಯಾಂಡುಗಳ ಕತೆಯೂ ಸ್ವಲ್ಪ ಹಾಗೆಯೇ. ‘ಜಿಮ್ಮಿ ಜೇಮ್ಸ್ ಅಂಡ್ ದ ವ್ಯಾಗಬಾಂಡ್ಸ್’ 1964ರಲ್ಲಿ ಜಮೈಕಾದಿಂದ ಬ್ರಿಟನ್ನಿಗೆ ಬಂದ ತಂಡ. ಕ್ಲಬ್ಬುಗಳಲ್ಲಿ ಜನ ತುಂಬುತ್ತಿದ್ದರು, ಆದರೆ ದೊಡ್ಡ ಹಿಟ್ ಬರಲಿಲ್ಲ. ಬಂದದ್ದು 1976ರಲ್ಲಿ, ‘ನೌ ಈಸ್ ದ ಟೈಮ್’ ಹಾಡಿನಿಂದ. ಅದರ ಹಿಂದಿದ್ದವರೂ ಬಿದ್ದು!

ಇನ್ನು ಎಷ್ಟೋ ತಂಡಗಳಿಗೆ ಬಿದ್ದು ಸಿಗಲಿಲ್ಲ. ಒಂದೆರಡು ರೆಕಾರ್ಡ್ ತಂದು ಚದುರಿಹೋದರು. ಬರ್ಮಿಂಗ್‌ಹ್ಯಾಮ್‌ನ ‘ವೆಲ್ವೆಟ್ ಫಾಗ್’ ಎಂಬ ರಾಕ್ ಬ್ಯಾಂಡ್ 1969ರಲ್ಲಿ ಅದೇ ಪೈ ಕಂಪನಿಯಿಂದ ಆಲ್ಬಂ ತಂದಿತು, ಆಮೇಲೆ ಮರೆಯಾಯಿತು. ಮುಂದೆ ಬ್ಲ್ಯಾಕ್ ಸಬ್ಬತ್‌ನಿಂದ ಜಗತ್ತಿಗೇ ಗೊತ್ತಾದ ಟೋನಿ ಅಯೋಮಿ ಕೆಲವು ದಿನ ಅದರಲ್ಲಿದ್ದರು.

ಹಾಗಾದರೆ ಇವರ ಹೆಸರು ನನ್ನಂಥ ಕಳಸದ ಹುಡುಗನವರೆಗೆ ಬಂದದ್ದು ಹೇಗೆ? ಕಳಸದಿಂದ ಬಾಳೆಹೊನ್ನೂರು, ಆಲ್ದೂರು ದಾಟಿ ಚಿಕ್ಕಮಗಳೂರಿನ ಕಾಲೇಜಿಗೆ ಬರುವ ಬಸ್ಸಿನಲ್ಲಿ ಅರ್ಧ ದಾರಿ ನೆಟ್‌ವರ್ಕ್ ಇರುವುದಿಲ್ಲ ಮಾರಾಯ್ರೆ. ಮೊದಲೇ ಡೌನ್‌ಲೋಡ್ ಮಾಡಿಕೊಂಡ ಹಾಡೇ ಗತಿ. ಐವತ್ತು ವರ್ಷದ ಹಿಂದೆ ಯಾರೂ ಕೊಳ್ಳದ ಹಾಡು ಹಾಗೆ ನನ್ನ ಮೊಬೈಲಿಗೆ ಸಿಗುತ್ತದೆ ಎಂದರೆ, ನಡುವೆ ಯಾರೋ ಅದನ್ನು ಕಾಪಾಡಿದ್ದಾರೆ ಎಂದರ್ಥ.

ಕಾಪಾಡಿದವರು ಪ್ರೊಫೆಸರುಗಳಲ್ಲ. 1970ರ ದಶಕದ ಉತ್ತರ ಇಂಗ್ಲೆಂಡಿನ ಕಾರ್ಖಾನೆ ಊರುಗಳಲ್ಲಿ, ವಾರವಿಡೀ ದುಡಿದ ಹುಡುಗ ಹುಡುಗಿಯರು ವಾರದ ಕೊನೆಗೆ ರಾತ್ರಿಯಿಡೀ ಕುಣಿಯುತ್ತಿದ್ದರು. ‘ವಿಗನ್ ಕ್ಯಾಸಿನೊ’ ಎಂಬ ಕ್ಲಬ್ಬಿನಲ್ಲಿ 1973ರಿಂದ 1981ರವರೆಗೆ ಇದು ನಡೆಯಿತು. ಅಲ್ಲಿ ಬೇಕಾಗಿದ್ದದ್ದು ಹಿಟ್ ಹಾಡಲ್ಲ. 1960ರ ದಶಕದಲ್ಲಿ ಬಂದು ಸೋತ ಸೋಲ್ ಹಾಡುಗಳು. ಡಿಜೆಗಳು ಹಳೇ ಗೋದಾಮುಗಳನ್ನು ಜಾಲಾಡಿ ರೆಕಾರ್ಡ್ ತರುತ್ತಿದ್ದರು. ಬೇರೆ ಡಿಜೆಗೆ ಗೊತ್ತಾಗಬಾರದೆಂದು ಲೇಬಲ್ ಮೇಲೆ ಕಾಗದ ಅಂಟಿಸಿ ಸುಳ್ಳು ಹೆಸರು ಬರೆಯುತ್ತಿದ್ದರು! ಈ ಹುಚ್ಚಿಗೆ ‘ನಾರ್ದರ್ನ್ ಸೋಲ್’ ಎಂದು ಹೆಸರು. ಅಮೆರಿಕದ ಫ್ರ್ಯಾಂಕ್ ವಿಲ್ಸನ್ ಅವರ 1965ರ ಒಂದು ರೆಕಾರ್ಡ್ 2009ರಲ್ಲಿ 25 ಸಾವಿರ ಪೌಂಡಿಗೂ ಹೆಚ್ಚು ಬೆಲೆಗೆ ಮಾರಾಟವಾಯಿತು.

ನಮ್ಮಲ್ಲೂ ಇಂಥದ್ದು ನಡೆದಿದೆ. 1970 ಮತ್ತು 71ರಲ್ಲಿ ಒಂದು ಸಿಗರೇಟ್ ಕಂಪನಿ ‘ಸಿಮ್ಲಾ ಬೀಟ್’ ಎಂಬ ಬ್ಯಾಂಡ್ ಸ್ಪರ್ಧೆ ನಡೆಸಿ, ತಂಡಗಳ ಹಾಡನ್ನು ರೆಕಾರ್ಡ್ ಮಾಡಿತು. ಬೆಂಗಳೂರಿನ ‘ಡೈನೋಸಾರ್ಸ್’ ಅದರಲ್ಲಿತ್ತು. ಮುಂಬೈಯ ಒಂದು ತಂಡದ ಹೆಸರೂ ‘ವೆಲ್ವೆಟ್ ಫಾಗ್’ ಎಂದೇ ಇತ್ತು! ದಶಕಗಳ ನಂತರ ವಿದೇಶದ ಸಂಗ್ರಾಹಕರು ಆ ರೆಕಾರ್ಡುಗಳನ್ನು ಮತ್ತೆ ಹೊರತಂದರು. ಬೆಂಗಳೂರಿನ ಇನ್ನೊಂದು ಬ್ಯಾಂಡ್ ‘ಹ್ಯೂಮನ್ ಬಾಂಡೇಜ್’. ಅದರ ಡ್ರಮ್ಮರ್ ರಮೇಶ್ ಶೋಥಂ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನಲ್ಲಿ ತವಿಲ್ ಕಲಿತು, ಜರ್ಮನಿಯಲ್ಲಿ ನೆಲೆಸಿ ಹೆಸರು ಮಾಡಿದರು.

ಬೆಂಗಳೂರಿನದ್ದು ಹೇಗೋ ಉಳಿಯಿತು. ನಮ್ಮ ಘಟ್ಟದ ಕತೆ ಏನು? ಕಳಸ, ಮೂಡಿಗೆರೆ, ಬಾಳೆಹೊನ್ನೂರು ಕಡೆ ಗಣಪತಿ ಪೆಂಡಾಲು, ಜಾತ್ರೆ, ಮದುವೆ ಎಂದರೆ ರಸಮಂಜರಿ ಇದ್ದೇ ಇರುತ್ತಿತ್ತು. ಹಗಲು ತೋಟದಲ್ಲೋ ಗ್ಯಾರೇಜಿನಲ್ಲೋ ದುಡಿದು, ರಾತ್ರಿ ಇಸ್ತ್ರಿ ಅಂಗಿ ತೊಟ್ಟು ಸ್ಟೇಜ್ ಹತ್ತುವ ಕಲಾವಿದರು. ನಮ್ಮ ಮನೆ ಹತ್ತಿರದ ಹಿರಿಯರೊಬ್ಬರು ಹದಿನೈದು ವರ್ಷ ಹಾಗೆ ಡ್ರಮ್ಸ್ ಬಾರಿಸಿದವರು. ಅವರ ತಂಡದ ಒಂದೇ ಒಂದು ಕ್ಯಾಸೆಟ್ ಇತ್ತಂತೆ. ಮಳೆಗಾಲದಲ್ಲಿ ಬೂಷ್ಟು ಹಿಡಿದು ಹೋಯಿತು. ಟೇಪಿನ ಮೇಲಿನ ಲೇಪನ ತೇವ ಹೀರಿದರೆ ಅಂಟಂಟಾಗಿ ಕಿತ್ತು ಬರುತ್ತದೆ. ನಮ್ಮ ಮಳೆಗೆ ಅದು ಎಷ್ಟು ಹೊತ್ತಿನ ಕೆಲಸ?

ಪ್ಲೇಸ್‌ಮೆಂಟ್ ಹೊತ್ತಿನಲ್ಲಿ ಇದೆಲ್ಲ ಯಾಕೆ ಎಂದು ಮನೆಯಲ್ಲಿ ಕೇಳಿದರು. ತಪ್ಪೇನಿಲ್ಲ, ಇದರಿಂದ ಕೆಲಸ ಸಿಗುವುದಿಲ್ಲ. ಆದರೆ ಮೂಡಿಗೆರೆಯ ಸಾಮಾನ್ಯ ಜನರ ಬದುಕನ್ನು ತೇಜಸ್ವಿ ಬರೆದಿಟ್ಟದ್ದರಿಂದ ತಾನೇ ನಾಡಿಗೆಲ್ಲ ಗೊತ್ತಾಯಿತು? ನಾನೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಹೆಸರು, ಊರು, ವಾದ್ಯ, ಯಾವ ವರ್ಷ, ಎಲ್ಲೆಲ್ಲಿ ಕಾರ್ಯಕ್ರಮ. ಡ್ರಮ್ಸ್ ಹಿರಿಯರು ಹೇಳಿದ ಹನ್ನೊಂದು ಹೆಸರಲ್ಲಿ ನಾಲ್ವರು ಈಗಿಲ್ಲ. ಅವರು ತಾಳ ತೋರಿಸಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಮೂರು ನಿಮಿಷ ಇದೆ, ಒಂದು ರೆಕಾರ್ಡಿನ ಒಂದು ಬದಿಯಷ್ಟು.

ನಿಮ್ಮೂರಲ್ಲೂ ಇಂಥವರು ಇದ್ದೇ ಇರುತ್ತಾರೆ. ರಜೆಗೆ ಹೋದಾಗ ಒಮ್ಮೆ ಕೇಳಿ ನೋಡಿ. ನಾನು ಮೂಡಿಗೆರೆ ಕಡೆಯ ಒಬ್ಬ ಕೀಬೋರ್ಡ್ ವಾದಕರನ್ನು ಹುಡುಕಬೇಕಿದೆ. ಆ ತಂಡದ್ದೇ ಇನ್ನೊಂದು ಕ್ಯಾಸೆಟ್ ಅವರ ಅಟ್ಟದಲ್ಲಿದೆಯಂತೆ. ಮಳೆ ಹಿಡಿಯುವ ಮೊದಲೇ ಹೋಗಬೇಕು.